ಹಿಮದ ಕಡಲಿನ ನೀರು ಅಳೆದವರು

ಯಾರ ಮನೆಗೆ ಹೋದರೂ ಅಲ್ಲಿ ಕೊಟ್ಟ ನೀರನ್ನು ಅವರು ಕೂಡಲೇ ಕುಡಿಯುತ್ತಿರಲಿಲ್ಲ. ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ನಾಲಗೆಯ ತುದಿಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ ರುಚಿ ಹಿಡಿಯುವರು. ಆಮೇಲೆ, "ಇದು ಹಳ್ಳದ ದಂಡಿ ಬಾವೀದು. ಮ್ಯಾಲಿನ ಸೆಲಿ ನೀರು" ಎನ್ನುವರು. ನೀರು ತಂದವರು ಹೌದೆನ್ನುವರು. ಆಗ ಗಟಗಟನೆ ಚೆಂಬು ಬರಿದು ಮಾಡಿ ಮೀಸೆ ಒರೆಸಿಕೊಳ್ಳುವರು.

‘ಅವರು’ ಎಂದು ಬರೆಯುತ್ತಿದ್ದೇನೆ. ಜೊತೆಯಲ್ಲಿದ್ದಾಗ ಹಾಗೆ ಕರೆದವನಲ್ಲ ನಾನು. ನಾನು ಬಾವಿ ತೋಡಿಸುವ ದಫ್ತರದ ಓವರ್‌ಸಿಯರ್, ಅವರು ನನ್ನ ಕೈಕೆಳಗಿನ ಜವಾನರು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರು. "ಏ, ಬಾರೋ ಇಲ್ಲಿ" ಎಂದರೆ ಬರುತ್ತಿದ್ದರು, "ಹೋಗು" ಎಂದರೆ ಹೋಗುತ್ತಿದ್ದರು. ಹೋದ ವರ್ಷ ಸುಗ್ಗಿಯ ಹೊತ್ತಿಗೆ ವಿರೂಪಾಪುರಗಡ್ಡೆಯಿಂದ ಗಂಗಾವತಿಗೆ ಭತ್ತದ ಗಾಡಿ ಹೊಡೆದುಕೊಂಡು ಬಂದವನೊಬ್ಬ, ಅವರು ಜ್ವರದಲ್ಲಿ ತೀರಿಕೊಂಡರೆಂದು ಹೇಳಿದ. ಅಂದಿನಿಂದ ಅವರ ವಿಷಯಕ್ಕೆ ಏಕವಚನ ಬಾಯಿಗೆ ಬರುತ್ತಿಲ್ಲ. ಬರಬೇಕಾದಾಗ ಬರದ ಮರ್ಯಾದೆ ಈಗ ಬಂದು ಏನು ಪ್ರಯೋಜನ, ಅದು ಬೇರೆ ಮಾತು.

ನಾನು ಅವರನ್ನು ಮೊದಲು ನೋಡಿದ್ದು ಕುಷ್ಟಗಿಯಲ್ಲಿ, ಮೂವತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಚಳಿಗಾಲದ ಮುಂಜಾನೆ. ದಫ್ತರದ ಎಲ್ಲರೂ ಕಂಬಳಿ ಹೊದ್ದು ಬಿಸಿಲಿಗಾಗಿ ಗೋಡೆಗೆ ಆತು ನಿಂತಿದ್ದರೆ, ಈ ಮನುಷ್ಯ ಬರೀ ಮೈಯಲ್ಲಿ ಅಂಗಳ ಗುಡಿಸುತ್ತಿದ್ದರು.

"ಥಂಡಿ ಆಗೂದಿಲ್ಲೇನೋ ನಿನಗ?" ಎಂದೆ.

"ನನ್ನ ಪಾಲಿನ ಥಂಡಿ ಎಲ್ಲಾ ಮೊದಲ ತಿಂದು ಮುಗಿಸೀನ್ರಿ ಸಾಹೇಬ್ರ."

ಎಲ್ಲರೂ ನಕ್ಕರು. ಗುಮಾಸ್ತ, "ಇವ ದಕ್ಷಿಣ ತುದಿ ಸಮುದ್ರಕ್ಕ ಹೋಗಿ ಬಂದಾನ್ರಿ, ಬರಫಿನ ಸಮುದ್ರ. ಕೇಳ್ರಿ, ಕಥಿ ಭಾಳ ಛಲೋ ಹೇಳ್ತಾನ" ಎಂದು ಕಣ್ಣು ಹೊಡೆದ.

ಕಥೆ ನಿಜ. ನದಿ ನಡುವಿನ ವಿರೂಪಾಪುರಗಡ್ಡೆಯಲ್ಲಿ ಹರಗೋಲು ಹಾಕುವ ಮನೆತನದಲ್ಲಿ ಹುಟ್ಟಿದವರು, ಹರೆಯದಲ್ಲಿ ಯಾರೊಂದಿಗೋ ಜಗಳವಾಡಿ ಮುಂಬಯಿಗೆ ಹೋಗಿ ಸಾಮಾನು ಹಡಗೊಂದರಲ್ಲಿ ಕಲ್ಲಿದ್ದಲು ಹೊರುವ ಕೆಲಸಕ್ಕೆ ಸೇರಿದರು. ಆಫ್ರಿಕದ ತುದಿಯ ಬಂದರಿನಲ್ಲಿ ಬೇನೆ ಬಿದ್ದು ಆಸ್ಪತ್ರೆಯಲ್ಲಿ ಉಳಿದರು. ಎದ್ದು ಬರುವಷ್ಟರಲ್ಲಿ ಅವರ ಹಡಗು ಹೋಗಿಯಾಗಿತ್ತು. ಅದೇ ಬಂದರಿನಲ್ಲಿ ಇನ್ನೊಂದು ಹಡಗು ನಿಂತಿತ್ತು. ಸಾಮಾನು ಸಾಗಿಸುವುದಲ್ಲ, ಸಮುದ್ರವನ್ನೇ ಸರ್ವೆ ಮಾಡುವ ಹಡಗು. ಅಡಿಗೆಮನೆಯ ಪಾತ್ರೆ ತೊಳೆಯಲು ಆಳು ಬೇಕಾಗಿತ್ತು. ಹತ್ತಿಬಿಟ್ಟರು.

ಆ ಹಡಗಿನಲ್ಲಿ ನೀರನ್ನು ಪರೀಕ್ಷೆ ಮಾಡುವ ಸಾಹೇಬರೊಬ್ಬರಿದ್ದರು. ಇವರು ತೊಳೆದ ಗಾಜಿನ ಲೋಟ ನೋಡಿ, ಕೈ ನಡುಗದಿರುವುದನ್ನು ನೋಡಿ, ತಮ್ಮ ಕೋಣೆಯ ಸೀಸೆ ತೊಳೆಯಲು ಕರೆದುಕೊಂಡರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸೀಸೆ ತೊಳೆಯುವವರು ಸೀಸೆಯೊಳಗಿನ ನೀರನ್ನೂ ಅಳೆಯುವುದು ಕಲಿತಿದ್ದರು.

"ನಮ್ಮ ಅಂಜನಾದ್ರಿ ಗುಡ್ಡ ಐತಲ್ರಿ, ಅದು ಬೆಳ್ಳಗಾಗಿ ತೇಲಿಕೊಂತ ಎದುರಿಗೆ ಬಂದ್ರ ಹೆಂಗಿರ್ತೈತಿ, ಹಂಗ" ಎನ್ನುತ್ತಿದ್ದರು. ಇಷ್ಟು ಕೇಳಿದರೆ ಸಾಕು, ದಫ್ತರದವರ ನಗು ತಡೆಯಲಾಗುತ್ತಿರಲಿಲ್ಲ. ಹೊರಗಿನ ಅಧಿಕಾರಿಗಳು ಬಂದಾಗ ಚಹಾದ ಜೊತೆ ಅವರ ಕಥೆಯನ್ನೂ ಕೊಡಿಸುವ ರೂಢಿಯನ್ನು ನಾನೇ ಹಾಕಿದೆ. "ಏ, ನಿನ್ನ ಬರಫಿನ ಗುಡ್ಡದ ಕಥಿ ಹೇಳೋ" ಎನ್ನುತ್ತಿದ್ದೆ. ಒಂದು ದಿನ ಹೇಳುತ್ತ ಹೇಳುತ್ತ ನಮ್ಮ ಮುಖಗಳನ್ನು ನೋಡಿ ಅವರು ನಡುವೆಯೇ ನಿಲ್ಲಿಸಿದರು. "ಮರತೈತ್ರಿ" ಎಂದು ತಟ್ಟೆ ಎತ್ತಿಕೊಂಡು ಹೋದರು. ಆಮೇಲೆ ನಾಲ್ಕು ಜನರ ಮುಂದೆ ಎಂದೂ ಹೇಳಲಿಲ್ಲ.

ನಾನೊಬ್ಬನೇ ಇದ್ದಾಗ ಕೇಳಿದರೆ ಹೇಳುತ್ತಿದ್ದರು. ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಎತ್ತಿನ ಗಾಡಿಯಲ್ಲಿ ಹೋಗುವಾಗ ದಾರಿ ಸವೆಯಲೆಂದು ನಾನು ಕೇಳುತ್ತಿದ್ದೆ. ತಂತಿಗೆ ಹಿತ್ತಾಳೆಯ ಕೊಳವೆಗಳನ್ನು ಕಟ್ಟಿ ಇಳಿಬಿಡುತ್ತಾರೆ. ಬಾಯಿ ತೆರೆದ ಕೊಳವೆಗಳು. ಬೇಕಾದಷ್ಟು ಆಳಕ್ಕೆ ಹೋದಮೇಲೆ ಮೇಲಿನಿಂದ ಅದೇ ತಂತಿಯ ಗುಂಟ ಒಂದು ಹಿತ್ತಾಳೆ ಗುಂಡನ್ನು ಜಾರಿಸುತ್ತಾರೆ. ಅದು ಹೋಗಿ ಬಡಿದರೆ ಕೊಳವೆ ತಲೆಕೆಳಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಆಳದ ನೀರು ಆ ಆಳದ್ದೇ ಆಗಿ ಮೇಲೆ ಬರುತ್ತದೆ. ಜೊತೆಗಿರುವ ಉಷ್ಣಮಾಪಕವೂ ತಲೆಕೆಳಗಾಗಿ ಅಲ್ಲಿಯ ಶಾಖವನ್ನು ಹಿಡಿದಿಟ್ಟುಕೊಂಡಿರುತ್ತದೆ.

"ಗುಂಡು ಬಡದದ್ದು ನಿನಗ ಹೆಂಗ ಗೊತ್ತಾಗತಿತ್ತು?"

"ತಂತಿ ಮ್ಯಾಲ ಬೆರಳ ಇಟ್ಟಕೊಂಡು ನಿಂತಿರ್ತಿದ್ದೆರಿ. ಕೆಳಗ ಎಲ್ಲೋ ಬಡದ್ರ ಬೆರಳಿಗೆ ಟಕ್ ಅಂತಿತ್ತು. ಒಂದೊಂದು ಸಲ ತಂತಿಗೆ ಬರಫ್ ಕಟ್ಟಿ ಬೆರಳು ಅಂಟಿಬಿಡೂದು. ಚರ್ಮ ಅಲ್ಲೇ ಬಿಟ್ಟು ಬೆರಳು ತಕ್ಕೊಬೇಕು."

ಅವರು ಹೇಳಿದ ಒಂದು ಮಾತನ್ನು ನಾನು ಆಗ ನಂಬಲೇ ಇಲ್ಲ. ಆ ಸಮುದ್ರದಲ್ಲಿ ಮೇಲಿನ ನೀರು ಕೊರೆಯುವ ಥಂಡಿ, ಆದರೆ ಉಪ್ಪು ಕಡಿಮೆ. ಸಾವಿರಾರು ಅಡಿ ಕೆಳಗೆ ಹೋದರೆ ನೀರು ಮೇಲಿನದಕ್ಕಿಂತ ಬೆಚ್ಚಗೆ, ಉಪ್ಪೂ ಹೆಚ್ಚು. ಆ ಕೆಳಗಿನ ನೀರು ಅಲ್ಲಿಯದಲ್ಲ, ಬಿಸಿಲಿನ ದೇಶಗಳಿಂದ ಹರಿದು ಬಂದದ್ದು.

"ಹರಿಯೂದನ್ನ ಯಾರು ನೋಡಿದ್ರು?" ಎಂದು ನಾನು ಛೇಡಿಸಿದೆ.

"ಯಾರೂ ನೋಡಂಗಿಲ್ರಿ. ಇಲ್ಲೊಂದು ಕಡೆ ನೀರು ತಗದು ಉಪ್ಪು ನೋಡ್ತೀವಿ, ಶಾಖ ನೋಡ್ತೀವಿ. ತಿಂಗಳ ದಾರಿ ಹೋಗಿ ಮತ್ತೊಂದು ಕಡೆ ತಗದ್ರ ಅದ ಉಪ್ಪು, ಅದ ಶಾಖ. ಅಂದ್ರ ಅದ ನೀರು ನಡಕೊಂತ ಬಂದೈತಿ ಅಂತ. ನೀರು ತನ್ನ ಗುಣ ಲಗೂನ ಬಿಡೂದಿಲ್ರಿ. ಒಂದರ ಮ್ಯಾಲ ಒಂದು ಹಾಸಿಗಿ ಹಾಸಿದಂಗ ಕುಂತಿರ್ತಾವು. ಕಲಕದಿದ್ರ ಕೂಡೂದಿಲ್ಲ."

ನಾನು ನಕ್ಕು ಆಕಳಿಸಿದೆ.

ಅವರು ಊರು ಬಿಟ್ಟ ಮೇಲೆ ಐದು ವರ್ಷ ಕಾಗದವಿಲ್ಲ ಪತ್ರವಿಲ್ಲ. ಗಡ್ಡೆಯ ಮನೆಯವರು ಇವರು ಸತ್ತರೆಂದೇ ತಿಳಿದು ದಿನಕರ್ಮ ಮಾಡಿ ಮುಗಿಸಿದ್ದರಂತೆ. ತಿರುಗಿ ಬಂದು ದಂಡೆಯಲ್ಲಿ ನಿಂತು ಕೂಗಿದಾಗ ಹರಗೋಲಿನವರು ಬಹಳ ಹೊತ್ತು ಹತ್ತಿರ ಬರಲಿಲ್ಲ. "ಸತ್ತಾವನ ಮಾತು ಯಾರು ನಂಬ್ತಾರ್ರಿ?" ಎಂದು ಅದನ್ನೂ ನಗುತ್ತಲೇ ಹೇಳಿದರು.

ಹಡಗು ಬಿಡುವಾಗ ಆ ಸಾಹೇಬರು ಅವರಿಗೊಂದು ಮರದ ಪೆಟ್ಟಿಗೆ ಕೊಟ್ಟಿದ್ದರು. ಅದರಲ್ಲಿ ಗೆರೆ ಕೊರೆದ ಉದ್ದನೆಯ ಗಾಜಿನ ನಳಿಗೆ, ಎರಡು ಸೀಸೆ. ಒಂದರಲ್ಲಿ ಬೆಳ್ಳಿಯ ಉಪ್ಪು ಕರಗಿಸಿದ ನೀರು, ಇನ್ನೊಂದರಲ್ಲಿ ಹಳದಿ ಬಣ್ಣದ ನೀರು. ಯಾವುದೇ ಬಾವಿಯ ನೀರಿಗೆ ಹಳದಿ ಹನಿ ಬೆರೆಸಿ, ಮೇಲಿನಿಂದ ಬೆಳ್ಳಿಯ ನೀರನ್ನು ಹನಿಹನಿಯಾಗಿ ಬಿಡುವರು. ಮೊಸರೊಡೆದಂತೆ ಬೆಳ್ಳಗಾಗಿ, ಕೊನೆಗೊಮ್ಮೆ ಇಟ್ಟಿಗೆಯ ಕೆಂಪಿಗೆ ತಿರುಗುವುದು. ಅಷ್ಟರಲ್ಲಿ ಎಷ್ಟು ಹನಿ ಹಿಡಿಯಿತೋ ಅದರ ಲೆಕ್ಕದಲ್ಲಿ ಉಪ್ಪು. ಸೀಸೆ ಮುಗಿದಾಗ ಕೊಪ್ಪಳದ ದವಾಖಾನೆಯ ಕಂಪೌಂಡರನ ಹತ್ತಿರ ಬೇಡಿ ಮತ್ತೆ ತುಂಬಿಸಿಕೊಂಡು ಬರುವರು. ಆ ಬೆಳ್ಳಿಯ ನೀರು ಚರ್ಮಕ್ಕೆ ತಾಗಿದರೆ ಕಪ್ಪಾಗುತ್ತದೆ. ಅವರ ಬಲಗೈಯ ಮೂರು ಬೆರಳ ತುದಿ ಯಾವಾಗಲೂ ಕಪ್ಪು. ಹಳ್ಳಿಗಳಲ್ಲಿ ಹೆಂಗಸರು ಆ ಕೈ ನೋಡಿ ಕೊಡ ಸರಿಸಿಕೊಳ್ಳುತ್ತಿದ್ದರು.

ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ನೀರು ಸಿಕ್ಕರೂ ಸಿಹಿ ಸಿಗುವುದು ಕಷ್ಟ. ಅವರು ನಾವು ತೋಡಿಸಿದ ಬಾವಿಗಳನ್ನೆಲ್ಲ ಹೀಗೆ ಅಳೆದು ಒಂದು ಹಳೇ ವಹಿಯಲ್ಲಿ ಬರೆದಿಡುತ್ತಿದ್ದರು. ಯಾರೂ ಹೇಳಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಎರಡು ತಾಲೂಕಿನ ಗಡಿಯಲ್ಲಿ ಒಂದು ಊರು. ಹೆಸರು ಬೇಡ. ಅಲ್ಲಿಯ ಹೆಂಗಸರು ನೀರಿಗೆ ಎರಡು ಹರದಾರಿ ನಡೆಯುತ್ತಿದ್ದರು. ಬಾವಿ ಮಂಜೂರಾಗಿ ನಾನೇ ಜಾಗ ಗುರುತು ಮಾಡಿದೆ. ನಲವತ್ತು ಅಡಿಗೆ ಬಂಡೆಯ ಬಿರುಕಿನಿಂದ ನೀರು ಒಸರಿತು. ಸಿಹಿ ನೀರು. ಬಹಳವಲ್ಲ, ಆದರೆ ಊರಿನ ಕುಡಿಯುವ ನೀರಿಗೆ ಸಾಕು. ಊರ ಗೌಡರು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ನನಗೆ ಅಷ್ಟು ಸಾಲಲಿಲ್ಲ. ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬಾವಿಯ ತುಂಬ ನೀರು ಕಾಣಬೇಕು. ತಳದ ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸಲು ತೂತು ಹೊಡೆಸಿದೆ. ಮದ್ದು ತುಂಬುವ ಮುಂಚೆ ಅವರು ಕೆಳಗಿಳಿದು, ದಾರ ಕಟ್ಟಿದ ಸೀಸೆಯೊಂದನ್ನು ಆ ತೂತಿನೊಳಗೆ ಇಳಿಬಿಟ್ಟು, ಇನ್ನೊಂದು ದಾರದಿಂದ ಬಿರಡೆ ಎಳೆದು ತೂತಿನ ತಳದ ನೀರನ್ನು ಮಾತ್ರ ಮೇಲೆ ತಂದರು. ಬಾವಿಯ ಕಟ್ಟೆಯ ಮೇಲೆ ಕೂತು ಹನಿ ಬಿಟ್ಟರು. ನನ್ನ ಹತ್ತಿರ ಬಂದಾಗ ಅವರ ಮುಖದಲ್ಲಿ ಎಂದೂ ಕಾಣದ ಗಾಬರಿ ಇತ್ತು.

"ಸಾಹೇಬ್ರ, ಸುರಂಗ ಹಾರಿಸಬ್ಯಾಡ್ರಿ. ಮ್ಯಾಲಿನಕಿಂತ ಹತ್ತು ಪಟ್ಟು ಹನಿ ಹಿಡದೈತಿ. ಕೆಳಗ ಉಪ್ಪು ಕುಂತೈತ್ರಿ. ಸಿಹಿ ಅದರ ಮ್ಯಾಲ ತೆಳ್ಳಗ ಹಾಸೈತಿ. ಬಂಡಿ ಒಡದ್ರ ಎರಡೂ ಕೂಡ್ತಾವು."

"ಇದೇನು ನಿನ್ನ ಸಮುದ್ರ ಅಂತ ತಿಳಿದಿಯೇನು?"

"ನೀರು ಎಲ್ಲೆ ಇದ್ರೂ ನೀರರೀ. ಕೈ ಮುಗೀತೀನಿ. ಇಲ್ಲಿಗೇ ಬಿಡ್ರಿ."

ಗುಮಾಸ್ತ, ಮೇಸ್ತ್ರಿ, ಕೆಲಸದವರು ಎಲ್ಲ ನೋಡುತ್ತಿದ್ದರು. ಜವಾನನ ಮಾತು ಕೇಳಿ ಕೆಲಸ ನಿಲ್ಲಿಸಿದೆ ಎಂದು ಅನ್ನಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ಸುರಂಗ ಹಾರಿಸಿದೆವು.

ಬಂಡೆ ಸೀಳಿ ನೀರು ಉಕ್ಕಿತು. ಮರುದಿನ ಬೆಳಗಾಗುವಷ್ಟರಲ್ಲಿ ಎರಡಾಳು ನೀರು. ಊರವರು ಕಾಯಿ ಒಡೆದರು, ಕುಣಿದರು. ಮೇಲಿನ ಸಾಹೇಬರು ಬಂದು ನನ್ನ ಬೆನ್ನು ತಟ್ಟಿ ಹೋದರು. ಬೇಡವೆಂದಿದ್ದ ಅವರು ಮಾತ್ರ ಕಟ್ಟೆಯ ಒಂದು ಮೂಲೆಯಲ್ಲಿ ಕೂತು ದಿನಾ ಹನಿ ಬಿಡುತ್ತಿದ್ದರು, ದಿನಾ ವಹಿಯಲ್ಲಿ ಬರೆಯುತ್ತಿದ್ದರು. ನನಗೆ ತೋರಿಸಲು ಬರಲಿಲ್ಲ. ನಾನೂ ಕೇಳಲಿಲ್ಲ.

ಮೂರನೆಯ ವಾರಕ್ಕೆ ಬೇಳೆ ಬೇಯದಾಯಿತು. ನಾಲ್ಕನೆಯ ವಾರಕ್ಕೆ ದನಗಳು ಮೂಸಿ ಮುಖ ತಿರುವಿದವು. ನೀರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು.

ಊರು ಚಾವಡಿಗೆ ಬಂತು. ಯಾರು ಮೊದಲು ಅಂದರೋ ತಿಳಿಯದು. "ಆ ಕರೀ ಬೆರಳಿನವ ದಿನಾ ಬಾವಿ ಮುಂದ ಕುಂತು ಔಷಧ ಹಾಕತಿದ್ದ" ಎಂಬ ಮಾತು ಎದ್ದಿತು. ಒಬ್ಬ ಅವರ ಪೆಟ್ಟಿಗೆ ಕಸಿದು ಕಲ್ಲಿನ ಮೇಲೆ ಅಪ್ಪಳಿಸಿದ. ಗಾಜು ಚೂರುಚೂರಾಗಿ ಹರಡಿತು. ಗೌಡರು ಎಲ್ಲರನ್ನೂ ಸುಮ್ಮನಿರಿಸಿ ನನ್ನ ಕಡೆ ತಿರುಗಿದರು.

"ನೀವ ಹೇಳ್ರಿ ಸಾಹೇಬ್ರ. ಇವ ಏನರ ಹಾಕ್ಯಾನೇನು?"

ಇಲ್ಲ ಎನ್ನಲು ಒಂದು ಮಾತು ಸಾಕಾಗಿತ್ತು. ಆ ಮಾತಿನ ಹಿಂದೆ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ಯಾಕೆ ಕೆಟ್ಟಿತು? ನಾನು ನೆಲ ನೋಡಿದೆ.

"ವಿಚಾರಣೆ ಮಾಡ್ತೀನಿ" ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಒಂದು ಲೆಕ್ಕ ತಪ್ಪಿದಾಗ ಮತ್ತೆ ಮೊದಲಿನಿಂದ ನೋಡುವವರ ಹಾಗೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ವಸ್ತ್ರದ ಸೆರಗಿಗೆ ಹಾಕಿಕೊಳ್ಳತೊಡಗಿದರು. "ಬರಿಗಾಲಾಗ ಅಡ್ಡಾಡ್ತೀರಿ, ಚುಚ್ಚೀತು" ಎಂದರು, ತಮ್ಮ ಪೆಟ್ಟಿಗೆ ಒಡೆದವರಿಗೇ.

ನನ್ನ ರಿಪೋರ್ಟಿನಲ್ಲಿ, ಜವಾನನು ಪರವಾನಗಿ ಇಲ್ಲದೆ ಬಾವಿಯ ಬಳಿ ಔಷಧಗಳನ್ನು ಬಳಸುತ್ತಿದ್ದನು ಎಂದು ಬರೆದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಒಂದು ವಾಕ್ಯದಿಂದ ಎಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ಅಂದೇ ನನಗೆ ಗೊತ್ತಾದದ್ದು. ಅವರನ್ನು ನೌಕರಿಯಿಂದ ತೆಗೆದ ಹುಕುಂ ಬಂತು.

ಹೋಗುವ ಮುಂಚೆ ದಫ್ತರದ ಬಾಗಿಲಲ್ಲಿ ನಿಂತರು. ಬೈಯಲು ಬಂದಿದ್ದಾರೆಂದು ತಿಳಿದೆ.

"ಒಂದು ಮಾತ್ರಿ. ಬಾವಿ ತಳಕ್ಕ ಜೇಡಿಮಣ್ಣು ತುಂಬಿಸಿ ತುಳಿಸ್ರಿ. ಬಂಡಿ ಒಡದಷ್ಟೂ ಮುಚ್ಚಬೇಕು, ಮ್ಯಾಲ ಇನ್ನ ಒಂದು ಗಜ. ಕೆಳಗಿನ ಬಾಯಿ ಮುಚ್ಚಿದ್ರ ಮ್ಯಾಲಿನ ಸೆಲಿ ಮತ್ತ ಸಿಹಿ ಆಗ್ತೈತಿ. ಲಗೂನ ಅಲ್ಲ. ಎರಡು ಮಳಿಗಾಲ ಬೇಕು. ನಾ ಹೇಳಿದ್ರ ಊರವರು ಕೇಳೂದಿಲ್ಲ. ನೀವು ಹೇಳ್ರಿ."

"ಆತು, ನೋಡ್ತೀನಿ" ಎಂದೆ.

ನೋಡಲಿಲ್ಲ. ನಾನೇ ಒಡೆಸಿದ ಬಂಡೆಯನ್ನು ನಾನೇ ಮುಚ್ಚಿಸುವುದೆಂದರೆ ತಪ್ಪು ಒಪ್ಪಿಕೊಂಡ ಹಾಗೆ. ಇವತ್ತು ನಾಳೆ ಎನ್ನುವಷ್ಟರಲ್ಲಿ ಬದಲಿಯ ಹುಕುಂ ಬಂದು ಆ ಸೀಮೆ ಬಿಟ್ಟೆ. ಹೆಂಗಸರು ಮತ್ತೆ ಎರಡು ಹರದಾರಿ ನಡೆಯತೊಡಗಿದರು.

ನಾಲ್ಕೈದು ವರ್ಷದ ಮೇಲೆ ಗಂಗಾವತಿಗೆ ಬಂದೆ. ನದಿಗೆ ಅಣೆಕಟ್ಟು ಕಟ್ಟುವ ಮಾತು ಎದ್ದು ಕಾಲುವೆಗಳ ಸರ್ವೆ ನಡೆದಿದ್ದ ಕಾಲ. ಒಂದು ಮಧ್ಯಾಹ್ನ ಹೊಳೆ ದಾಟಬೇಕಾಗಿ ದಂಡೆಗೆ ಹೋದರೆ, ಹರಗೋಲು ಹಿಡಿದು ನಿಂತವರು ಅವರೇ. ಕೂದಲು ಬೆಳ್ಳಗಾಗಿತ್ತು. ಬೆರಳ ತುದಿ ಈಗ ಎಲ್ಲರ ಬೆರಳಿನಂತೆಯೇ ಇತ್ತು. ನಾನು ಹಿಂದಕ್ಕೆ ಹೋಗಿಬಿಡೋಣವೆಂದು ಯೋಚಿಸುವಷ್ಟರಲ್ಲಿ, "ಬರ್ರಿ ಸಾಹೇಬ್ರ, ಕಾಲು ಇಲ್ಲಿಡ್ರಿ, ಜಾರ್ತೈತಿ" ಎಂದು ಕೈ ನೀಡಿದರು.

ಹರಗೋಲು ನಡುಹೊಳೆಗೆ ಬಂತು. ಸೆಳವು ಇದ್ದಲ್ಲಿ ಹುಟ್ಟು ಹಾಕದೆ ನೀರಿಗೇ ಬಿಟ್ಟು, ಅದು ಒಯ್ದಲ್ಲಿಂದ ನಾಲ್ಕೇ ಹುಟ್ಟಿಗೆ ದಡದ ಕಡೆ ತಿರುಗಿಸಿದರು. ಆಮೇಲೆ ಕೇಳಿದರು.

"ಮಣ್ಣು ತುಂಬಿಸಿದ್ರೇನ್ರಿ?"

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಮತ್ತೆ ಸಿಗುವಂತಿರಲಿಲ್ಲ. ಸುತ್ತ ನೀರು, ಕೇಳುವವರು ಅವರೊಬ್ಬರೇ. ನಾನು, "ಹೂಂ, ತುಂಬಿಸೀವಿ" ಎಂದೆ.

ಅವರ ಮುಖ ಅರಳಿದ್ದನ್ನು ಹೇಗೆ ಬರೆಯಲಿ? ಹುಟ್ಟು ಕೈಯಲ್ಲೇ ನಿಂತಿತು.

"ಸಿಹಿ ಆತೇನ್ರಿ?"

"ಆಗೈತಿ. ಛಲೋ ಆಗೈತಿ."

"ನಾ ಹೇಳಿದ್ದಿಲ್ರಿ? ಭಾಳ ಚಿಂತಿ ಇತ್ರಿ ನನಗ. ಭಾಳ ಚಿಂತಿ ಇತ್ತು." ಕಣ್ಣೊರೆಸಿಕೊಂಡರು. ದಡದಲ್ಲಿ ನಾನು ಕೊಟ್ಟ ದುಡ್ಡು ತೆಗೆದುಕೊಳ್ಳಲಿಲ್ಲ.

ತೀರಿಕೊಂಡ ಸುದ್ದಿ ಕೇಳಿ ಗಡ್ಡೆಗೆ ಹೋದೆ. ಅವರ ಹೆಂಡತಿ ಕೊಯ್ದ ಗದ್ದೆಯ ಅಂಚಿನಲ್ಲಿ ಹುಲ್ಲು ಕಟ್ಟುತ್ತಿದ್ದರು. ನಾನು ಯಾರೆಂದು ಹೇಳಿದಾಗ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಬಾವಿ ಸಾಹೇಬ್ರೇನ್ರಿ? ನಿಮ್ಮ ಮಾತು ಭಾಳ ಆಡತಿದ್ರು. ಹೊಳಿಯಾಗ ನೀವು ಸಿಕ್ಕಮ್ಯಾಗ ಒಂದ ಹಟ. ಆ ನೀರು ಒಂದು ಗುಟುಕು ಕುಡದು ಬರ್ತೀನಿ ಅಂತ. ಬ್ಯಾಡ ಅಂದ್ರೂ ಕೇಳಲಿಲ್ಲ. ಬುತ್ತಿ ಕಟಗೊಂಡು ನಡಕೊಂತ ಹೋದ್ರು. ಆರು ದಿನಕ್ಕ ಬಂದ್ರು."

"ಬಂದು ಏನಂದ್ರವ್ವಾ?"

"ನೀರು ಛಲೋ ಆಗೈತಿ, ಸಾಹೇಬ್ರು ಹೇಳಿದಂಗ ಮಾಡ್ಯಾರ ಅಂದ್ರು. ಮತ್ತೇನೂ ಅನ್ನಲಿಲ್ರಿ. ಆಮ್ಯಾಲ ಮಾತ ಕಡಿಮಿ ಮಾಡಿಬಿಟ್ರು."

ಗಂಡ ಹೇಳಿ ಹೋದ ಮಾತನ್ನು ಸುಳ್ಳು ಮಾಡುವ ಧೈರ್ಯ ನನಗಿರಲಿಲ್ಲ.

ಅಲ್ಲಿಂದ ನೇರವಾಗಿ ಆ ಊರಿಗೆ ಹೋದೆ. ಗೌಡರಿಗೆ ಹಲ್ಲು ಬಿದ್ದಿದ್ದವು. ಅದೇ ಚಾವಡಿಯಲ್ಲಿ, ಹತ್ತು ಜನರನ್ನು ಕರೆಸಿ, ಬಾವಿ ಕೆಡಿಸಿದವನು ನಾನು, ಬೇಡವೆಂದು ಕೈ ಮುಗಿದವರು ಅವರು ಎಂದು ಹೇಳಿದೆ. ಜೇಡಿಮಣ್ಣಿನ ಮಾತನ್ನೂ ಹೇಳಿದೆ.

"ಅವ ಬಂದಿದ್ದ" ಎಂದರು ಗೌಡರು. "ಗುಟುಕು ನೀರು ಕೊಡ್ರಿ ಅಂತ ಕಟ್ಟಿ ಮುಂದ ಕುಂತ. ಉಪ್ಪು ನೀರು ಕುಡಿಯಾಕ ಬಂದಿಯೇನು ಅಂತ ನಕ್ಕು ಬೈದ್ವಿ. ಮಣ್ಣು ತುಂಬಿಲ್ಲೇನ್ರಿ ಅಂತ ಕೇಳಿದ. ಯಾವ ಮಣ್ಣೋ, ಯಾರು ತುಂಬ್ತಾರೋ ಅಂದ್ವಿ. ಸುಮ್ಮನ ಎದ್ದು ಹೋದ. ನಿಮ್ಮ ಹೆಸರು ಎತ್ತಲಿಲ್ಲ ಸಾಹೇಬ್ರ. ಎತ್ತಿದ್ರ ನಾವು ಕೇಳತಿದ್ವೋ ಇಲ್ಲೋ."

ಆ ಬೇಸಿಗೆಯಲ್ಲಿ ರಜೆ ಹಾಕಿ ಅಲ್ಲೇ ಇದ್ದೆ. ನೀರನ್ನು ಮೊಗೆದು ಖಾಲಿ ಮಾಡಲು ಹನ್ನೊಂದು ದಿನ ಹಿಡಿಯಿತು. ಕೆರೆಯಂಗಳದ ಜೇಡಿಮಣ್ಣನ್ನು ಊರಿನ ಗಂಡಸರೂ ಹೆಂಗಸರೂ ಬುಟ್ಟಿಯಲ್ಲಿ ಹೊತ್ತು ಇಳಿಸಿದರು. ನಾನೂ ಹೊತ್ತೆ. ಬಂಡೆ ಒಡೆದಷ್ಟೂ ಮುಚ್ಚಿ, ಮೇಲೆ ಒಂದು ಗಜ ಬರುವವರೆಗೆ ತುಳಿದೆವು.

ಈಗ ಒಂದು ಮಳೆಗಾಲ ಕಳೆದಿದೆ. ಮೊನ್ನೆ ಹೋಗಿದ್ದೆ. ಹೆಂಗಸರು ಉಪ್ಪು ಇಳಿದಿದೆ ಎನ್ನುತ್ತಾರೆ. ಗಂಡಸರು ಹಾಗೇ ಇದೆ ಎನ್ನುತ್ತಾರೆ. ನಾನೂ ಎರಡು ಸಲ ಕುಡಿದು ನೋಡಿದೆ. ನನಗೆ ತಿಳಿಯಲಿಲ್ಲ. ಅಳೆದು ಹೇಳುವವರು ಯಾರೂ ಇಲ್ಲ.